ತೂಗುವವನ ತಕ್ಕಡಿ: ಪ್ರಬಂಧದ ಅಂಕವೂ ಅಚೌರ್ಯ ವ್ರತವೂ

ಶ್ರಾವಕನಿಗೆ ವಿಹಿತವಾದ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಐದು ಅತಿಚಾರಗಳನ್ನು ನಿರೂಪಿಸಿದ್ದಾರೆ. ಅವುಗಳಲ್ಲಿ ಒಂದು ಹೀನಾಧಿಕ ಮಾನೋನ್ಮಾನ. ಅಂದರೆ ಕೊಳ್ಳುವುದಕ್ಕೊಂದು, ಕೊಡುವುದಕ್ಕೊಂದು ತೂಕವನ್ನು ಇಟ್ಟುಕೊಳ್ಳುವುದು. ಇದು ಅಂಗಡಿಯವರಿಗೆ ಮಾತ್ರ ಹೇಳಿದ ಮಾತೆಂದು ನಾವು ತಿಳಿಯುವುದುಂಟು. ಆದರೆ ವಿಶ್ವವಿದ್ಯಾಲಯದ ಅಧ್ಯಾಪಕರು ವಿದ್ಯಾರ್ಥಿಯ ಪ್ರಬಂಧವನ್ನು ಓದಿ ಅಂಕ ಹಾಕುವುದೂ ತೂಗುವ ಕಾರ್ಯವೇ ಅಲ್ಲವೇ? ಅಲ್ಲಿ ತಕ್ಕಡಿಯಲ್ಲಿರುವುದು ಜೋಳವಲ್ಲ, ಒಬ್ಬ ಯುವಕನ ಅಥವಾ ಯುವತಿಯ ಹಲವು ವರ್ಷಗಳ ಶ್ರಮ.

ನಮ್ಮ ಭಾಗಕ್ಕೆ ಈ ಪ್ರಶ್ನೆ ಈಗ ಸಮೀಪದ್ದಾಗಿದೆ. ಕೊಪ್ಪಳ ಸೀಮೆಯ ಕಾಲೇಜುಗಳು ಮೊದಲು 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯಕ್ಕೂ, 2010ರ ನಂತರ ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೂ ಸೇರಿದ್ದವು. 2023ರಲ್ಲಿ ನಮ್ಮ ಕುಕನೂರು ತಾಲ್ಲೂಕಿನ ತಳಕಲ್ಲಿನಲ್ಲಿಯೇ ಕೊಪ್ಪಳ ವಿಶ್ವವಿದ್ಯಾಲಯ ಆರಂಭವಾಯಿತು. ಬರಹದ ಗುಣದೋಷಗಳ ವಿಚಾರವು ಈ ಮಣ್ಣಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲಿ ಕೊಪಣವನ್ನೂ ಹೆಸರಿಸುತ್ತದೆ; ಅದರ ಮೊದಲ ಪರಿಚ್ಛೇದದಲ್ಲಿ ಕಾವ್ಯದೋಷಗಳ ನಿರ್ಣಯವಿದೆ. ಒಂದು ಬರಹ ಏಕೆ ಒಳ್ಳೆಯದು, ಏಕೆ ಅಲ್ಲ ಎಂಬುದಕ್ಕೆ ಕಾರಣ ಹೇಳಬೇಕೆಂಬ ಶಿಸ್ತು ಸಾವಿರ ವರ್ಷಗಳಿಗೂ ಹಳೆಯದು.

ಜೋಳದ ಚೀಲವನ್ನು ಯಾರು ತೂಗಿದರೂ ತೂಕ ಒಂದೇ. ಪ್ರಬಂಧ ಹಾಗಲ್ಲ. 1912ರಲ್ಲಿ ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ವಿದ್ವಾಂಸರು ಪ್ರೌಢಶಾಲೆಯ ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಗೆ ಕಳುಹಿಸಿದರು. ಬಂದ ಅಂಕಗಳು 64ರಿಂದ 98ರವರೆಗೆ ಹರಡಿದ್ದವು. ಅಕ್ಷರಗಳು ಅವೇ, ಓದುವ ಕಣ್ಣುಗಳು ಬೇರೆ. ಒಬ್ಬರು ಭಾಷಾಶುದ್ಧಿಯನ್ನು ನೋಡುತ್ತಾರೆ, ಇನ್ನೊಬ್ಬರು ವಾದದ ಕ್ರಮವನ್ನು, ಮತ್ತೊಬ್ಬರು ಮಾಹಿತಿಯನ್ನು. ದಿನದ ಮೊದಲ ಪತ್ರಿಕೆಯನ್ನು ಓದುವ ಮನಸ್ಸು ಸಂಜೆಯ ಪತ್ರಿಕೆಗೆ ಇರುವುದಿಲ್ಲ.

ಇದನ್ನು ಕೇಳಿ, 'ಅನೇಕಾಂತದ ಪ್ರಕಾರ ಎಲ್ಲರ ಅಂಕವೂ ಸರಿಯೇ' ಎಂದು ಯಾರಾದರೂ ಹೇಳಬಹುದು. ಇದು ಅನೇಕಾಂತವನ್ನು ತಪ್ಪಾಗಿ ತಿಳಿದ ಮಾತು. ನಯವೆಂದರೆ ವಸ್ತುವಿನ ಒಂದು ಮುಖವನ್ನು ಹಿಡಿದು ನೋಡುವ ದೃಷ್ಟಿ. ತನ್ನ ನಯ ಯಾವುದೆಂದು ಹೇಳಿ, ಉಳಿದ ಮುಖಗಳೂ ಇವೆಯೆಂದು ಒಪ್ಪಿದರೆ ಅದು ಸುನಯ. ಉಳಿದವನ್ನು ಅಲ್ಲಗಳೆದರೆ ದುರ್ನಯ. ಆದುದರಿಂದ ಪರೀಕ್ಷಕನ ಧರ್ಮವು ಮೂರು ವಿಧವಾಗುತ್ತದೆ. ವಾದಕ್ಕೆಷ್ಟು, ಆಧಾರಕ್ಕೆಷ್ಟು, ಭಾಷೆಗೆಷ್ಟು ಎಂಬುದನ್ನು ಬರೆಯುವ ಮೊದಲೇ ವಿದ್ಯಾರ್ಥಿಗೆ ತಿಳಿಸಬೇಕು. ಬರೆದವನ ಹೆಸರು, ಊರು, ಜಾತಿ ಕಾಣದಂತೆ ಓದಬೇಕು. ಸಾಧ್ಯವಿದ್ದಲ್ಲಿ ಇನ್ನೊಬ್ಬರು ಸ್ವತಂತ್ರವಾಗಿ ಓದಬೇಕು. ಇಬ್ಬರಲ್ಲಿ ಬಹಳ ಅಂತರ ಬಂದರೆ ಮೂರನೆಯವರಿಗೆ ಒಪ್ಪಿಸಬೇಕು.

ಅಳತೆಯ ಸೂಕ್ಷ್ಮತೆಯಲ್ಲಿಯೂ ಸತ್ಯದ ಪ್ರಶ್ನೆಯಿದೆ. ಚೀಲ ತೂಗುವ ಕಾಟಾದಲ್ಲಿ ಬಂಗಾರ ತೂಗುವೆನೆಂದರೆ ಯಾರೂ ನಂಬರು. ಆದರೆ ಪ್ರಬಂಧಕ್ಕೆ 59 ಕೊಟ್ಟು, ಅದು 60ಕ್ಕಿಂತ ನಿಶ್ಚಯವಾಗಿ ಕಡಿಮೆಯೆಂದು ನಾವು ನಂಬುತ್ತೇವೆ. 2015ರ ಸುಮಾರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು ಹತ್ತು ಅಂಶಗಳ ಶ್ರೇಣಿ ಪದ್ಧತಿಯನ್ನು ಸೂಚಿಸಿತು. ಇಲ್ಲದ ಸೂಕ್ಷ್ಮತೆಯನ್ನು ಇದೆಯೆಂದು ಹೇಳದಿರುವುದು ಶ್ರೇಣಿಯ ಗುಣ. ಆದರೆ ಎರಡು ಶ್ರೇಣಿಗಳ ಗಡಿಯಲ್ಲಿ ನಿಂತವನ ಸಂಕಟವನ್ನು ಅದೂ ನಿವಾರಿಸದು.

ಇನ್ನು ಕರುಣೆಯ ಮಾತು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಯ ತೊಡಕಿನ ವಾಕ್ಯಗಳನ್ನು ಕಂಡು ಪರೀಕ್ಷಕನ ಮನ ಕರಗುವುದು ಸಹಜ. ಆದರೆ ಗುಪ್ತವಾಗಿ ಹಾಕಿದ ಐದು ಅಂಕವು ಯಾರ ಕಣಜದಿಂದ ಬಂದಿತು? ಸೀಟು, ವಿದ್ಯಾರ್ಥಿವೇತನಗಳು ಸೀಮಿತವಾದಾಗ ಅದು ಮತ್ತೊಬ್ಬ ಬಡವನ ಪಾಲಿನಿಂದಲೇ ಬಂದಿರುತ್ತದೆ. ಸಂಸ್ಥೆಯು ಎಲ್ಲರಿಗೂ ತಿಳಿಯುವಂತೆ ನಿಯಮ ಮಾಡಿ ಕೊಡುವ ಕೃಪಾಂಕ ಬೇರೆ. ಒಬ್ಬನು ತನ್ನ ಮನಸ್ಸಿಗೆ ಬಂದಂತೆ ಕೊಡುವುದು ಬೇರೆ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಿಗೂ ಅವುಗಳದೇ ಆದ ಸ್ಥಾನವಿದೆ. ಪಾಠ ಹೇಳುವಾಗ, ಕರಡನ್ನು ತಿದ್ದುವಾಗ, ಎಲ್ಲಿ ಎಡವಿದೆಯೆಂದು ಎರಡು ಸಾಲು ಬರೆದುಕೊಡುವಾಗ ಕಾರುಣ್ಯವು ತುಂಬಿರಲಿ. ಅಂಕ ಹಾಕುವ ಗಳಿಗೆಯಲ್ಲಿ ತಟಸ್ಥನಾಗಿರುವುದೇ ಸರಿ.

ವಿದ್ಯಾರ್ಥಿಯ ಪಾಲಿಗೂ ಅತಿಚಾರವಿದೆ. ಅದೇ ಸೂತ್ರದಲ್ಲಿ ಹೇಳಿದ ಪ್ರತಿರೂಪಕ ವ್ಯವಹಾರವೆಂದರೆ ನಕಲಿ ಸರಕನ್ನು ಅಸಲಿಯೆಂದು ಮಾರುವುದು. ಗೈಡಿನಿಂದ ಎತ್ತಿದ, ಇಲ್ಲವೆ ಕಂಪ್ಯೂಟರಿನಿಂದ ಬರೆಯಿಸಿದ ಪ್ರಬಂಧಕ್ಕೆ ತನ್ನ ಹೆಸರು ಹಾಕುವುದು ಇದೇ ಆಗಿದೆ. 2018ರಲ್ಲಿ ಆಯೋಗವು ಕೃತಿಚೌರ್ಯದ ವಿರುದ್ಧ ನಿಯಮಗಳನ್ನು ತಂದಿತು. ಆದರೆ ಯಂತ್ರವು ಹೋಲುವ ಪದಗಳನ್ನು ಎಣಿಸಬಲ್ಲದು. ಅಂತಃಕರಣದ ಸಾಕ್ಷಿ ಹೇಳಲಾರದು.

ಪರೀಕ್ಷಕನೂ ಲೆಕ್ಕ ಒಪ್ಪಿಸತಕ್ಕವನೇ. ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಅಧಿಕಾರ ವಿದ್ಯಾರ್ಥಿಗಿದೆ ಎಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿತು. ಅಂಗಡಿಯ ತೂಕದ ಬಟ್ಟುಗಳಿಗೆ ನಿಗದಿತ ಅವಧಿಗೊಮ್ಮೆ ಸರಕಾರದ ಮುದ್ರೆ ಬೀಳಬೇಕೆಂಬ ನಿಯಮವನ್ನು ಯಾವ ಪ್ರಾಮಾಣಿಕ ವ್ಯಾಪಾರಿಯೂ ಅವಮಾನವೆಂದು ಬಗೆಯುವುದಿಲ್ಲ. ಅಧ್ಯಾಪಕರೂ ಇದನ್ನು ಹಾಗೆಯೇ ಕಾಣಬೇಕು.

ಕೊನೆಗೆ ನಮ್ಮ ಬಸದಿಗಳ ಟ್ರಸ್ಟುಗಳಿಗೆ ಒಂದು ವಿಜ್ಞಾಪನೆ. ಪ್ರತಿ ವರ್ಷ ನಾವು ಅಂಕಪಟ್ಟಿಯ ಮೇಲೆ ಒಂದು ಗೆರೆ ಎಳೆದು, ಮೇಲಿನವರಿಗೆ ಪುರಸ್ಕಾರ ಕೊಟ್ಟು ಕೆಳಗಿನವರನ್ನು ಬಿಟ್ಟುಬಿಡುತ್ತೇವೆ. ಗೆರೆಯ ಆಚೀಚೆ ನಾಲ್ಕೈದು ಅಂಕಗಳೊಳಗೆ ಇರುವ ಅರ್ಜಿಗಳನ್ನು ಬೇರೆ ತೆಗೆದಿಟ್ಟು, ಆ ಮಕ್ಕಳಿಂದ ಒಂದು ಪುಟ ಬರೆಯಿಸಿ, ಹೆಸರು ಮರೆಮಾಡಿ ಇಬ್ಬರು ಓದಿ ನಿರ್ಣಯಿಸಬಾರದೇಕೆ? ಇದಕ್ಕೆ ಒಂದು ಭಾನುವಾರ ಸಾಕು. ಪರರ ತಕ್ಕಡಿಯನ್ನು ಪ್ರಶ್ನಿಸುವ ನಾವು ನಮ್ಮದನ್ನು ಮೊದಲು ಸರಿಪಡಿಸಿಕೊಳ್ಳುವುದು ವ್ರತಕ್ಕೆ ತಕ್ಕ ನಡೆ.