ಹುಲಿ ಕಾಯದ ಮಾತು

ನನಗೆ 46 ತುಂಬಿದ ವಾರ ಒಂದು ಜೊತೆ ಓಟದ ಶೂ ಕೊಂಡೆ. ಅದಕ್ಕೂ ಮೊದಲು ನಾನು ಓಡಿದ್ದು ಯಾವಾಗ ಎಂದು ನೆನಪಿಸಿಕೊಂಡರೆ ಮೂರೇ ಸಂದರ್ಭಗಳು ಸಿಕ್ಕವು. ಬಸ್ಸು ಹಿಡಿಯಲು ಓಡಿದ್ದು, ಮಳೆ ಬಂದಾಗ ಯಾರದೋ ಅಂಗಡಿಯ ಸೂರಿನಡಿ ಸೇರಲು ಓಡಿದ್ದು, ಶಾಲೆಗೆ ತಡವಾಗಿ ಹೋದದ್ದಕ್ಕೆ ಪಿ.ಟಿ. ಮೇಷ್ಟ್ರು ಮೈದಾನ ಸುತ್ತಿಸಿದ್ದು. ನಮ್ಮಲ್ಲಿ ದೊಡ್ಡವರು ಓಡಬೇಕಾದರೆ ಹಿಂದೆ ಏನಾದರೂ ಅಟ್ಟಿಸಿಕೊಂಡು ಬರುತ್ತಿರಬೇಕು, ಇಲ್ಲವೇ ಮುಂದೆ ಏನಾದರೂ ತಪ್ಪಿಹೋಗುತ್ತಿರಬೇಕು. ಎರಡೂ ಇಲ್ಲದೆ ಓಡುವವನನ್ನು ಬೀದಿ ಅನುಮಾನದಿಂದಲೇ ನೋಡುತ್ತದೆ.

ನನ್ನ ಹಿಂದೆಯೂ ಒಂದು ಇತ್ತು. ರಕ್ತಪರೀಕ್ಷೆಯ ವರದಿ ನೋಡಿದ ವೈದ್ಯರು, "ಇನ್ನೂ ಗೆರೆ ದಾಟಿಲ್ಲ. ಆದ್ರೆ ಗೆರೆ ಮೇಲೇ ನಿಂತಿದ್ದೀರಿ" ಎಂದಿದ್ದರು. ನನ್ನ ಅಪ್ಪ ಸುಮಾರು ಇದೇ ವಯಸ್ಸಿನಲ್ಲಿ ಆ ಗೆರೆಯನ್ನು ದಾಟಿದವರು. ಕೊನೆಯ ವರ್ಷಗಳಲ್ಲಿ ಅವರ ಕಾಲಿನ ಮಾಯದ ಗಾಯಕ್ಕೆ ದಿನಾ ಪಟ್ಟಿ ಕಟ್ಟುತ್ತಿದ್ದವನು ನಾನು. ಊರಿಗೆಲ್ಲ ಕೊಟ್ಟ ಮಾತನ್ನು ಉಳಿಸಿಕೊಂಡ ಮನುಷ್ಯ ಅವರು. ಸಾಲ ತೀರಿಸುವ ದಿನ ತಪ್ಪಿದವರಲ್ಲ, ಬರುತ್ತೇನೆಂದ ಮದುವೆಗೆ ಹೋಗದೆ ಉಳಿದವರಲ್ಲ. "ನಾಳೆಯಿಂದ ಸಿಹಿ ಮುಟ್ಟಲ್ಲ, ಬೆಳಗ್ಗೆ ಎದ್ದು ನಡೀತೀನಿ" ಎಂದು ತಮಗೆ ತಾವೇ ಹೇಳಿಕೊಂಡ ಮಾತನ್ನು ಮಾತ್ರ ಅವರು ಮೂವತ್ತು ವರ್ಷ ಮುರಿಯುತ್ತಲೇ ಬಂದರು. ಅದನ್ನು ಯಾರೂ ಮಾತು ತಪ್ಪುವುದು ಎಂದು ಕರೆಯಲಿಲ್ಲ. ಅವರು ಸತ್ತಾಗ ಬಂದವರೆಲ್ಲ ಹೇಳಿದ್ದು ಒಂದೇ: ನುಡಿದಂತೆ ನಡೆದವರು.

ಓಡಲು ಶುರು ಮಾಡಿದ ಮೇಲೆ ನನ್ನನ್ನು ಹಿಡಿದುಕೊಂಡ ಪ್ರಶ್ನೆ ಇದೇ. ನನಗೆ ನಾನೇ ಕೊಟ್ಟುಕೊಂಡ ಮಾತು ನಿಜಕ್ಕೂ ಮಾತೇ? ಅದನ್ನು ಮುರಿದರೆ ಅದು ತಪ್ಪೋ, ಬರೀ ನಷ್ಟವೋ?

ಮಾತಿನ ಬಗ್ಗೆ ನಾವು ಕಲಿತ ಮೊದಲ ಪಾಠ ಪುಣ್ಯಕೋಟಿಯದು. ಕರುವಿಗೆ ಹಾಲೂಡಿ ಬರುತ್ತೇನೆಂದು ಹುಲಿಗೆ ಮಾತು ಕೊಟ್ಟ ಹಸು ಹಿಂದಿರುಗಿ ಬಂತು. ಕತೆ ಕೇಳಿದ ಮಕ್ಕಳೆಲ್ಲ ಹಸುವಿಗಾಗಿ ಅತ್ತಿದ್ದೇವೆ. ಈಗ ಯೋಚಿಸಿದರೆ ಆ ಕತೆಯಲ್ಲಿ ಹುಲಿಯ ಪಾತ್ರವೂ ದೊಡ್ಡದೇ ಅನ್ನಿಸುತ್ತದೆ. ಗುಡ್ಡದ ಮೇಲೆ ಒಬ್ಬ ಕಾಯುತ್ತಿದ್ದಾನೆ ಎಂಬುದು ಹಸುವಿಗೆ ಗೊತ್ತಿತ್ತು. ಯಾರೂ ಕಾಯುತ್ತಿಲ್ಲದಿದ್ದರೆ? ಹಸು ತನಗೆ ತಾನೇ "ಬೆಳಗ್ಗೆ ಐದೂವರೆಗೆ ಗುಡ್ಡ ಹತ್ತುತ್ತೇನೆ" ಎಂದು ಹೇಳಿಕೊಂಡು, ಆಮೇಲೆ ಕೊಟ್ಟಿಗೆಯಲ್ಲೇ ಮಲಗಿದ್ದರೆ ಯಾರು ಹಾಡು ಕಟ್ಟುತ್ತಿದ್ದರು, ಯಾರು ಬೈಯುತ್ತಿದ್ದರು?

ಇಂಗ್ಲೆಂಡಿನ ಥಾಮಸ್ ಹಾಬ್ಸ್ 1651ರಲ್ಲಿ ಪ್ರಕಟಿಸಿದ 'ಲೆವಯಥನ್' ಗ್ರಂಥದಲ್ಲಿ ಈ ಗಂಟನ್ನು ಒಂದೇ ಏಟಿಗೆ ಕತ್ತರಿಸುತ್ತಾನೆ. ಅವನು ಮಾತಾಡುತ್ತಿರುವುದು ರಾಜನ ಬಗ್ಗೆ. ಕಾನೂನು ಮಾಡುವವನೇ ಅದನ್ನು ತೆಗೆದುಹಾಕಲೂ ಬಲ್ಲವನಾದ್ದರಿಂದ ಅವನು ತನ್ನ ಕಾನೂನಿಗೆ ಬದ್ಧನಲ್ಲ ಎಂಬುದು ಅವನ ವಾದ. ಕಟ್ಟುವವನೇ ಬಿಚ್ಚಬಲ್ಲವನೂ ಆದಾಗ, ತನಗೆ ಮಾತ್ರ ಕಟ್ಟುಬಿದ್ದವನು ಕಟ್ಟುಬಿದ್ದವನೇ ಅಲ್ಲ. ರಾಜನಿಗೆ ಹೇಳಿದ ಈ ಮಾತು ಹಾಸಿಗೆಯಲ್ಲಿ ಬಿದ್ದುಕೊಂಡ ಮೇಷ್ಟ್ರಿಗೂ ಸರಿಹೊಂದುತ್ತದೆ. ಅಲಾರಂ ಹೊಡೆದಾಗ ಮಾತು ಕೊಟ್ಟವನೂ ನಾನೇ, ಪಡೆದವನೂ ನಾನೇ. ಪಡೆದವನು "ಹೋಗ್ಲಿ ಬಿಡು" ಅಂದರೆ ಮುಗಿಯಿತು, ಸಾಲ ಮನ್ನಾ.

ಮೊದಲ ಹದಿನೈದು ದಿನ ನನ್ನ ಮನೆಯಲ್ಲಿ ನಡೆದದ್ದು ಇದೇ. ಶೂ ಕೊಂಡ ರಾತ್ರಿ ಊಟ ಮುಗಿಸಿ, ಬಾಳೆಹಣ್ಣು ಸುಲಿಯುತ್ತ, ದಿನಾ 5 ಕಿ.ಮೀ. ಓಡುವುದೆಂದು ನಿರ್ಧರಿಸಿದ್ದೆ. ಮರುದಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಇನ್ನೂರು ಹೆಜ್ಜೆ ಓಡುವಷ್ಟರಲ್ಲಿ ಉಸಿರು ಗಂಟಲಿಗೆ ಬಂದು, ಬಾಯಲ್ಲಿ ಕಬ್ಬಿಣದ ರುಚಿ ಬಂದು, ಬಗ್ಗಿ ಮಂಡಿ ಹಿಡಿದು ನಿಂತೆ. ಅದರ ಮರುದಿನ ಹೋಗಲಿಲ್ಲ. ಆಮೇಲೆ ಎರಡು ಸಲ ಹೋದೆ, ಹತ್ತು ಸಲ ಹೋಗಲಿಲ್ಲ.

ಏರಿಯ ಹೊರಗಿನ ರಸ್ತೆ ಗುಡಿಸುವ ಹೆಂಗಸೊಬ್ಬರು ನನ್ನನ್ನು ಈ ಸ್ಥಿತಿಯಲ್ಲಿ ಎರಡು ಸಲ ನೋಡಿದ್ದರು. ಮೂರನೆಯ ಸಲ ಪೊರಕೆ ನಿಲ್ಲಿಸಿ, "ಯಾಕ್ ಸಾ, ಮೊನ್ನೆಯಿಂದ ಕಾಣ್ನೇ ಇಲ್ಲ?" ಎಂದರು. ಮಳೆ, ಕೆಲಸ ಅಂತ ಏನೋ ಹೇಳಿದೆ. ಅವರು ನಕ್ಕು, "ನಮ್ಗೆ ಹಾಜ್ರಿ ಐತೆ ಸಾ. ಬರ್ದಿದ್ರೆ ಕೂಲಿ ಹೋಯ್ತದೆ. ನಿಮ್ಗ್ಯಾರು ತಕತ್ತಾರೆ ಹಾಜ್ರಿ?" ಎಂದು ಮತ್ತೆ ಗುಡಿಸತೊಡಗಿದರು.

ಆ ಮಾತಿನಲ್ಲಿ ಎರಡು ಮುಳ್ಳಿದ್ದವು. ದಿನವಿಡೀ ಬೆನ್ನು ಬಗ್ಗಿಸಿ ದುಡಿಯುವವರ ಎದುರು, ಉಂಡದ್ದನ್ನು ಕರಗಿಸಲು ಶೂ ಕೊಂಡು ಓಡುವವನು ನಾನು. ಆ ನಾಚಿಕೆ ನ್ಯಾಯವಾದದ್ದೇ, ಅದನ್ನು ಯಾವ ವಾದದಿಂದಲೂ ತೊಳೆಯಲು ಹೋಗುವುದಿಲ್ಲ. ಎರಡನೆಯ ಮುಳ್ಳು ನನ್ನ ವೃತ್ತಿಯದು. 22 ವರ್ಷಗಳಿಂದ ಕಾಲೇಜಿನಲ್ಲಿ ಪ್ರತಿದಿನ ಹಾಜರಿ ಕರೆಯುವವನು ನಾನು. ಹಾಜರಿ ಇಲ್ಲದಿದ್ದರೆ ತರಗತಿಯಲ್ಲಿ ಎಷ್ಟು ಜನ ಉಳಿಯುತ್ತಾರೆಂದು ನನಗೆ ಗೊತ್ತು. ನಾನೂ ಆ ಖಾಲಿ ಬೆಂಚಿನವನೇ ಎಂದು ಅಂದು ಗೊತ್ತಾಯಿತು.

ಹಾಜರಿ ಬೇಕಾದರೆ ಕೊಂಡುಕೊಳ್ಳಬಹುದು. ಓಡಿದ ದೂರವನ್ನು ಊರಿಗೆಲ್ಲ ಸಾರುವ ಆ್ಯಪ್‌ಗಳಿವೆ, ಗೆಳೆಯರ ವಾಟ್ಸಾಪ್ ಗುಂಪುಗಳಿವೆ. ಬಾಡಿಗೆಗೊಂದು ಹುಲಿಯನ್ನು ತಂದು ಗುಡ್ಡದ ಮೇಲೆ ಕೂರಿಸಿದ ಹಾಗೆ. ಇದನ್ನು ಹೀಯಾಳಿಸುವುದಿಲ್ಲ, ಎಷ್ಟೋ ಜನರನ್ನು ಇದು ಎಬ್ಬಿಸಿದೆ. ಆದರೆ ನನ್ನ ಅಪ್ಪನಿಗೆ ಹುಲಿಗಳ ಕೊರತೆಯೇನೂ ಇರಲಿಲ್ಲ. ಅವರ ಬದುಕಿನ ತುಂಬ ಕಾಯುವವರಿದ್ದರು, ಎಲ್ಲರಿಗೂ ಅವರು ಸಲ್ಲಿಸಿದರು. ಯಾರೂ ಕಾಯದ ಒಂದೇ ಕಡೆ ಸೋತರು. ನಾನು ಕಲಿಯಬೇಕಾದದ್ದು ಅಲ್ಲಿ ನಿಲ್ಲುವುದನ್ನು.

ಹಾಬ್ಸನಿಗೆ ಸುಲಭವಾದ ಒಂದು ಉತ್ತರ ಇದೆ. ನನಗೆ ಕೊಟ್ಟುಕೊಂಡ ಮಾತು ನನಗೆ ಮಾತ್ರ ಸೇರಿದ್ದಲ್ಲ, ನಾಳೆ ನನ್ನ ಕಾಲಿಗೆ ಪಟ್ಟಿ ಕಟ್ಟಬೇಕಾದವರಿಗೂ ಸೇರಿದ್ದು ಎನ್ನಬಹುದು. ಇದು ನಿಜ. ಆದರೆ ಇದು ಪ್ರಶ್ನೆಯನ್ನು ಬಿಡಿಸುವುದಿಲ್ಲ, ಹುಲಿಯ ಜಾಗದಲ್ಲಿ ಮಗಳನ್ನು ಕೂರಿಸುತ್ತದೆ ಅಷ್ಟೆ. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಮನುಷ್ಯನಿಗೆ ತನ್ನ ಮಾತಿನ ಹಂಗೇ ಇಲ್ಲವೇ?

ನನಗೆ ಬೇರೆ ದಾರಿ ಕಂಡದ್ದು ಒಂದು ಓಟದ ಪಟ್ಟಿಯಿಂದ. 1996ರಲ್ಲಿ ಅಮೆರಿಕದ ಜೋಶ್ ಕ್ಲಾರ್ಕ್ ಎಂಬುವರು ಐವತ್ತು ದಾಟಿದ ತಮ್ಮ ತಾಯಿಯನ್ನು ಸೋಫಾದಿಂದ ಎಬ್ಬಿಸಲು ಸಿದ್ಧಪಡಿಸಿದ ಕ್ರಮ ಅದು. 'ಕೌಚ್ ಟು 5ಕೆ' ಎಂಬ ಹೆಸರಿನಲ್ಲಿ ಇಂದು ಲೋಕದ ತುಂಬ ಬಳಕೆಯಲ್ಲಿದೆ. ವಾರಕ್ಕೆ ಮೂರು ದಿನ, ಒಂಬತ್ತು ವಾರ. ಮೊದಲ ವಾರ ಐದು ನಿಮಿಷ ಬಿರುಸಾಗಿ ನಡೆದ ಮೇಲೆ 60 ಸೆಕೆಂಡು ಓಡಬೇಕು, 90 ಸೆಕೆಂಡು ನಡೆಯಬೇಕು. ಹೀಗೆ ಇಪ್ಪತ್ತು ನಿಮಿಷ. ಓದಿದಾಗ ನಗು ಬಂತು. ಅರವತ್ತು ಸೆಕೆಂಡಿಗೆ ಯಾರಾದರೂ ಪ್ರತಿಜ್ಞೆ ಮಾಡುತ್ತಾರೆಯೇ? ಕೆರೆಗೆ ಹೋಗಿ ಮಾಡಿ ನೋಡಿದೆ. ಆರನೆಯ ಅರವತ್ತು ಸೆಕೆಂಡಿಗೆ ನಗು ನಿಂತಿತು. ಆದರೂ ಎಂಟೂ ಮುಗಿದವು. ನನಗೆ ನಾನು ಹೇಳಿದ್ದನ್ನು ಹೇಳಿದಷ್ಟೇ ಮಾಡಿ ಮನೆಗೆ ಬಂದದ್ದು ಎಷ್ಟೋ ವರ್ಷಗಳಲ್ಲಿ ಅದೇ ಮೊದಲು.

ಆಗ ಹೊಳೆದದ್ದು, ತಪ್ಪು ನಡೆಯುತ್ತಿದ್ದದ್ದು ಬೆಳಗ್ಗೆಯಲ್ಲ, ರಾತ್ರಿ. ಹೊಟ್ಟೆ ತುಂಬಿ ಕೂತ ರಾತ್ರಿಯ ನಾನು ಧಾರಾಳಿ. ದಿನಾ 5 ಕಿ.ಮೀ. ಎಂದು ದಾನ ಮಾಡುತ್ತಿದ್ದವನು ಅವನು, ತೆರಬೇಕಾದವನು ಬೆಳಗಿನವನು. ಬೇರೆಯವರ ಗಂಟಿನಿಂದ ದಾನ ಮಾಡಿ ಹೆಸರು ತಾನು ಪಡೆಯುವ ಯಜಮಾನನ ಹಾಗೆ. ಬೆಳಗಿನವನು ಹಾಸಿಗೆಯಲ್ಲಿ ದಂಗೆ ಎದ್ದರೆ ಅದರಲ್ಲಿ ಸ್ವಲ್ಪ ನ್ಯಾಯವೂ ಇತ್ತು, ಅವನನ್ನು ಯಾರೂ ಕೇಳಿರಲಿಲ್ಲ. ಸೋಮಾರಿತನ ಎಂದು ನಾನು ಬೈದುಕೊಳ್ಳುತ್ತಿದ್ದದ್ದರ ಅರ್ಧ ಭಾಗ, ಕೊಡಲಾಗದ್ದನ್ನು ಕೊಡುತ್ತೇನೆಂದು ಹೇಳಿದ ಸುಳ್ಳು. ಅಪ್ಪನ "ನಾಳೆಯಿಂದ ಸಿಹಿ ಮುಟ್ಟಲ್ಲ" ಎಂಬುದೂ ಅಂಥದೇ ಇರಬೇಕು. ದೊಡ್ಡ ಮಾತು ಆಡುವಾಗಲೇ ಅದರ ಸುಖ ಸಿಕ್ಕಿಬಿಡುತ್ತದೆ, ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಹಾಬ್ಸ್ 'ನಾನು' ಎಂಬುದನ್ನು ಒಂದೇ ಎಂದು ಎಣಿಸಿದ. ಬೆಳಗ್ಗೆ ಎದ್ದು ಓಡಲು ಹೊರಟವನಿಗೆ ಅದು ಒಂದಲ್ಲ ಎಂದು ಗೊತ್ತಾಗುತ್ತದೆ. ಮಾತು ಕೊಡುವವನು ಒಬ್ಬ, ತೆರುವವನು ಒಬ್ಬ, ಹತ್ತು ವರ್ಷದ ನಂತರ ಅದರ ಫಲ ಉಣ್ಣುವವನು ಇನ್ನೊಬ್ಬ. ಆ ಮೂರನೆಯವನು ಇನ್ನೂ ಬಂದಿಲ್ಲ, ಅವನನ್ನು ಕೇಳಿ ಸಾಲ ಮನ್ನಾ ಮಾಡಿಸಿಕೊಳ್ಳಲು ಆಗುವುದಿಲ್ಲ. ಹಾಸಿಗೆಯಲ್ಲಿರುವವನು "ಹೋಗ್ಲಿ ಬಿಡು" ಎನ್ನುವಾಗ ತನ್ನದಲ್ಲದ ಸಾಲವನ್ನೂ ಸೇರಿಸಿ ಮನ್ನಾ ಮಾಡುತ್ತಿರುತ್ತಾನೆ. ತನಗೆ ಕೊಟ್ಟ ಮಾತು ಮಾತೇ ಹೌದು ಎಂದು ನಾನು ಒಪ್ಪಿದ್ದು ಹೀಗೆ. ಆದರೆ ಅದು ಮೂವರಿಗೂ ನ್ಯಾಯವಾಗಿರಬೇಕು, ಮುಖ್ಯವಾಗಿ ತೆರುವವನಿಗೆ.

ನ್ಯಾಯದ ಈ ಮಾತನ್ನು ಒಪ್ಪಿದ ಮೇಲೂ ನಾನು ಎಡವಿದೆ. ಐದನೆಯ ವಾರದ ಕೊನೆಯಲ್ಲಿ ಮೊದಲ ಬಾರಿ 20 ನಿಮಿಷ ನಿಲ್ಲದೆ ಓಡಬೇಕು. ಅದು ಆಯಿತು. ತಲೆಗೆ ಏರಿತು. ಮರುದಿನ ಬಿಡುವಿನ ದಿನವಾದರೂ ಓಡಿದೆ, ಅದರ ಮರುದಿನವೂ ಓಡಿದೆ, ವೇಗವಾಗಿ. ನಾಲ್ಕನೆಯ ದಿನ ಮೊಣಕಾಲಿನ ಕೆಳಗೆ ಮೂಳೆಯ ಒಳಂಚಿನಲ್ಲಿ ನೋವು ಹಿಡಿಯಿತು. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗಿಕೊಳ್ಳುತ್ತವೆ. ಮೂಳೆ, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹೊಸಬರು ಬೀಳುವುದು ಈ ನಡುವಿನ ಸಂದಿನಲ್ಲಿ. ಉಸಿರು ಇನ್ನೂ ಇದೆ ಎನ್ನುತ್ತದೆ, ಎಲುಬು ಸಾಕು ಎನ್ನುತ್ತದೆ, ಹೆಮ್ಮೆ ಉಸಿರಿನ ಮಾತನ್ನೇ ಕೇಳುತ್ತದೆ. ಪಕ್ಕದವರ ಜೊತೆ ಮಾತಾಡುತ್ತ ಓಡಲು ಆಗುವಷ್ಟೇ ವೇಗ ಸಾಕು ಎಂದು ಬಲ್ಲವರು ಹೇಳುವುದು ಇದಕ್ಕೇ.

ಪತಂಜಲಿಯ ಯೋಗಸೂತ್ರದಲ್ಲಿ ಅಭ್ಯಾಸ ಗಟ್ಟಿಯಾಗಲು ಹೇಳಿದ ಷರತ್ತುಗಳು ಆಗ ನೆನಪಾದವು. ಬಹುಕಾಲ ಮಾಡಬೇಕು, ಎಡೆಬಿಡದೆ ಮಾಡಬೇಕು, ಆದರದಿಂದ ಮಾಡಬೇಕು. ಪಾಠ ಮಾಡುವಾಗ ಮೊದಲ ಎರಡನ್ನು ಒತ್ತಿ ಹೇಳಿ, ಮೂರನೆಯದನ್ನು ಪೂಜೆಯ ಮಾತೆಂದು ದಾಟಿಬಿಡುತ್ತಿದ್ದೆ. ಕಾಲಿಗೆ ಐಸ್ ಇಟ್ಟುಕೊಂಡು ಕೂತಾಗ ಅದರ ಅರ್ಥ ತಿಳಿಯಿತು. ಆ ಮೂರು ದಿನ ನಾನು ಓಡಿದ್ದರಲ್ಲಿ ಆದರ ಇರಲಿಲ್ಲ. ಒಳಗೆ ಒಬ್ಬ ಪಿ.ಟಿ. ಮೇಷ್ಟ್ರು ನಿಂತು, ಮೂವತ್ತು ವರ್ಷ ತಡವಾಗಿ ಬಂದದ್ದಕ್ಕೆ ನನ್ನನ್ನು ಸುತ್ತಿಸುತ್ತಿದ್ದ. ಶಿಕ್ಷೆಯಾಗಿ ಮಾಡಿದ್ದನ್ನು ಶಿಕ್ಷೆ ಮುಗಿದ ಕೂಡಲೇ ಬಿಡುತ್ತೇವೆ. ನಮ್ಮಲ್ಲಿ ಹೆಚ್ಚಿನವರು ಶಾಲೆ ಬಿಟ್ಟ ಮೇಲೆ ಓಡದೆ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಎರಡು ವಾರ ಓಡಲಿಲ್ಲ. ಇಲ್ಲಿ ಹೊಸ ಕಷ್ಟ ಬಂತು. ಇದು ಬಿಡುವೋ ನೆಪವೋ ಎಂದು ತೀರ್ಮಾನಿಸುವವರು ಯಾರು? ಪೂರಾ ನಂಬಬಹುದಾದ ಅಳತೆಗೋಲು ನನ್ನ ಬಳಿ ಇಲ್ಲ. ಗಮನಿಸಿದ್ದು ಇಷ್ಟು: ನಿಜವಾದ ಕಾರಣ ಒಂದೇ ಮಾತು ಹೇಳಿ ಸುಮ್ಮನಾಗುತ್ತದೆ. ಕಾಲು ನೋಯುತ್ತಿದೆ, ಅಷ್ಟೆ. ನೆಪ ಮಾತ್ರ ವಕೀಲರನ್ನು ಕರೆತರುತ್ತದೆ. ಚಳಿ ಇದೆ, ಪರೀಕ್ಷೆಯ ಪತ್ರಿಕೆಗಳಿವೆ, ಕೆರೆ ಹತ್ತಿರ ನಾಯಿಗಳಿವೆ, ಅಲ್ಲದೆ ನಿನಗೆ ವಯಸ್ಸಾಯಿತು. ಕೊನೆಯ ವಕೀಲನ ಬಾಯಿ ಮುಚ್ಚಿಸಲು ಫೌಜಾ ಸಿಂಗ್ ಸಾಕು. ಮಗನನ್ನು ಕಳೆದುಕೊಂಡ ದುಃಖದಲ್ಲಿ ಓಟ ಹಿಡಿದ ಆ ಪಂಜಾಬಿ ರೈತ 2000ನೇ ಇಸವಿಯಲ್ಲಿ ಲಂಡನ್ ಮ್ಯಾರಥಾನ್ ಓಡಿದಾಗ ಪಾಸ್‌ಪೋರ್ಟಿನ ಲೆಕ್ಕದಲ್ಲಿ ಅವರಿಗೆ 89.

ಒಂಬತ್ತು ವಾರದ ಪಟ್ಟಿ ನನಗೆ ಹದಿನಾರು ವಾರ ಹಿಡಿಯಿತು. ಕಳೆದ ತಿಂಗಳು ಒಂದು ಬೆಳಗ್ಗೆ ಅರ್ಧ ಗಂಟೆ ನಿಲ್ಲದೆ ಓಡಿದೆ. ನೀರಿನ ಮೇಲೆ ಹೆಜ್ಜಾರ್ಲೆಗಳು ಇಳಿಯುತ್ತಿದ್ದವು. ಕೈಚಪ್ಪಾಳೆ ಇರಲಿಲ್ಲ, ಇರಬೇಕೆಂದೂ ಅನ್ನಿಸಲಿಲ್ಲ. ಮನೆ ಕಟ್ಟುತ್ತ ಕಟ್ಟುತ್ತಲೇ ಮನುಷ್ಯ ಗಾರೆಯವನಾಗುತ್ತಾನೆ, ನ್ಯಾಯವಾಗಿ ನಡೆಯುತ್ತ ನಡೆಯುತ್ತಲೇ ನ್ಯಾಯವಂತನಾಗುತ್ತಾನೆ ಎಂದು ಅರಿಸ್ಟಾಟಲ್ ಹೇಳಿದ್ದನ್ನು ತರಗತಿಯಲ್ಲಿ ಹಲವು ಸಲ ವಿವರಿಸಿದ್ದೇನೆ. ಹಾಗಾದರೆ ತನ್ನ ಮಾತು ಉಳಿಸಿಕೊಳ್ಳುವವನೂ ಅರವತ್ತು ಸೆಕೆಂಡಿನ ಮಾತುಗಳನ್ನು ಉಳಿಸಿಕೊಳ್ಳುತ್ತಲೇ ಆಗಬೇಕು. ಅಪ್ಪನಿಗೆ ಇಂಥ ಸಣ್ಣ ಮಾತೊಂದನ್ನು ಯಾರಾದರೂ ಹೇಳಿಕೊಟ್ಟಿದ್ದರೆ ಎಂದು ಆ ಬೆಳಗ್ಗೆ ಅನ್ನಿಸಿತು. ದೊಡ್ಡ ಮಾತನ್ನಷ್ಟೇ ಕಲಿತಿದ್ದರು ಅವರು.

ಮುಂದಿನ ರಕ್ತಪರೀಕ್ಷೆ ಇನ್ನೂ ಆಗಿಲ್ಲ. ಗೆರೆಯ ಯಾವ ಕಡೆ ಇದ್ದೇನೋ ಗೊತ್ತಿಲ್ಲ. ರಸ್ತೆ ಗುಡಿಸುವವರು ಸಿಕ್ಕಾಗ "ಹಾಜ್ರಿ ಆಯ್ತಾ ಸಾ?" ಎನ್ನುತ್ತಾರೆ. ಅವರು ನನ್ನ ಹುಲಿಯಾಗುತ್ತಿದ್ದಾರೋ ಏನೋ ಎಂದು ಒಮ್ಮೊಮ್ಮೆ ಭಯವಾಗುತ್ತದೆ. ಆದರೆ ಅವರ ಸರದಿ ಬೇರೆ ರಸ್ತೆಗೆ ಬಿದ್ದ ವಾರಗಳಲ್ಲೂ ಹೋಗಿದ್ದೇನೆ. ಕಳೆದ ಮಂಗಳವಾರ ಹೋಗಲಿಲ್ಲ. ಮಳೆಯೂ ಇರಲಿಲ್ಲ, ನೋವೂ ಇರಲಿಲ್ಲ, ಸುಮ್ಮನೆ ಮಲಗಿದ್ದೆ. ಗುರುವಾರ ಎದ್ದು ಹೋದೆ.