ಪತ್ರಿಕೆಯ ವೆಚ್ಚವೂ ರೋಗಿಯ ಪಾಲೂ

ಸರಕಾರದ ಆರೋಗ್ಯ ಇಲಾಖೆಯು ತನ್ನ ನೌಕರರಿಗಾಗಿಯೇ ಒಂದು ಪತ್ರಿಕೆಯನ್ನು ಮುದ್ರಿಸುವುದು ನ್ಯಾಯವೇ? ನಮ್ಮೂರ ವೆನ್‌ಲಾಕ್ ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕಾದಿರುವ ಬಡವರನ್ನು ಕಂಡವರು, ಆ ಕಾಗದದ ಹಣಕ್ಕೆ ಔಷಧವನ್ನೇ ಕೊಳ್ಳಬಾರದೇಕೆಂದು ಕೇಳುವರು. ಪ್ರಶ್ನೆಯು ಕ್ಷುದ್ರವಲ್ಲ, ಆ ದ್ರವ್ಯವು ಪ್ರಜೆಗಳ ತೆರಿಗೆಯಿಂದ ಬಂದುದು.

ಆದರೆ ಔಷಧವೆಂದರೇನೆಂಬುದನ್ನು ಮೊದಲು ವಿಚಾರಿಸಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದುವು. ಸುತ್ತಲಿನ ಜನರೂ ಜ್ವರಕ್ಕೆ ತುತ್ತಾದರು. ಉಣ್ಣಿಯಿಂದ ಹರಡುವ ಆ ವ್ಯಾಧಿಯು 1980ರ ದಶಕದಲ್ಲಿ ನಮ್ಮ ಬೆಳ್ತಂಗಡಿಯ ಕಾಡಂಚಿಗೂ ಬಂದಿತು. ಸತ್ತ ಮಂಗವನ್ನು ಕಂಡೊಡನೆ ಮೇಲಿನವರಿಗೆ ತಿಳಿಸಬೇಕೆಂದು ಹಳ್ಳಿಯ ದಾದಿಗೆ ಮುಂಚಿತವಾಗಿಯೇ ಕಲಿಸುವ ಎರಡು ಪುಟಗಳನ್ನು ಔಷಧವಲ್ಲವೆನ್ನಲಾದೀತೆ?

ಆ ಪುಟಗಳಿಗೆ ಬದಲಾಗಿ ಅಧಿಕಾರಿಗಳ ಭಾವಚಿತ್ರಗಳೂ ಸನ್ಮಾನದ ವರದಿಗಳೂ ತುಂಬಿದರೆ (ಇಂಥವನ್ನು ಓದುವವರು ಚಿತ್ರದಲ್ಲಿರುವವರೇ ಸರಿ!) ಆ ನುಣುಪು ಕಾಗದದ ಒಂದೊಂದು ಹಾಳೆಯೂ ರೋಗಿಯಿಂದ ಕಸಿದುದೇ. ನೌಕರರ ಸಂಬಳದಿಂದ ಬಲಾತ್ಕಾರವಾಗಿ ಚಂದಾ ಹಿಡಿದುಕೊಂಡರೂ ದೋಷವು ಪರಿಹಾರವಾಗದು. ಹೊರೆಯು ಹೆಗಲು ಬದಲಿಸಿತಷ್ಟೆ. ದುಡಿದು ದಣಿದವರಿಗೆ ನಾಲ್ಕು ಸಾಲಿನ ಮೆಚ್ಚುಗೆಯೂ ಬೇಕೆಂಬುದನ್ನು ನಾನು ಅಲ್ಲಗಳೆಯೆನು. ಅದಕ್ಕೆ ತೆಳುಕಾಗದ ಸಾಕು. ಪ್ರತಿ ಸಂಚಿಕೆಗೆ ತಗಲಿದ ವೆಚ್ಚವನ್ನು ಅದರ ಕೊನೆಯ ಪುಟದಲ್ಲಿಯೇ ಅಚ್ಚುಹಾಕಿ, ಆಸ್ಪತ್ರೆಯ ಜಗಲಿಯಲ್ಲಿ ಕುಳಿತವರಿಗೂ ಕಾಣುವಂತೆ ಒಂದು ಪ್ರತಿಯನ್ನು ಅಲ್ಲಿಯೂ ಇರಿಸಲಿ.