ಅಗ್ನಿಯ ಉದ್ಯೋಗ ಮತ್ತು ಅನರ್ಥದಂಡವಿರತಿ

ಉದ್ಯೋಗವೊಂದನ್ನು ಆರಿಸಿಕೊಳ್ಳುವಾಗ ಸಂಬಳವೆಷ್ಟು, ಸೌಕರ್ಯವೇನು, ಊರು ಎಷ್ಟು ದೂರ ಎಂದು ವಿಚಾರಿಸುವುದು ಲೋಕರೂಢಿ. ಅದರಲ್ಲಿ ಹಿಂಸೆಯೆಷ್ಟು ಎಂದು ವಿಚಾರಿಸುವುದು ಶ್ರಾವಕನ ರೂಢಿ. ಈ ಎರಡನೆಯ ವಿಚಾರಣೆ ನಮ್ಮ ಮನೆಗಳಲ್ಲಿ ವಿರಳವಾಗುತ್ತಿದೆ. ಆದುದರಿಂದ ನಮ್ಮ ಕುಟುಂಬದಲ್ಲಿ ನಡೆದ ಪ್ರಸಂಗವೊಂದನ್ನು ಬಂಧುಗಳ ಮುಂದಿಡಲು ಬಯಸುತ್ತೇನೆ.

ಹಾಸನದಲ್ಲಿ ಎಂಜಿನಿಯರಿಂಗ್ ಓದಿದ ನನ್ನ ತಮ್ಮನ ಮಗನಿಗೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೊಂದರಲ್ಲಿ ಪರ್ಫಾರ್ಮೆನ್ಸ್ ಎಂಜಿನಿಯರ್ ಹುದ್ದೆ ದೊರೆಯಿತು. ಸ್ಥಾವರದ ದಕ್ಷತೆಯನ್ನು ಅಳೆಯುವುದು, ಶಾಖ ಎಲ್ಲಿ ವ್ಯರ್ಥವಾಗುತ್ತಿದೆಯೆಂದು ಕಂಡುಹಿಡಿಯುವುದು, ಅದನ್ನು ತಡೆಯುವ ಉಪಾಯವನ್ನು ಸೂಚಿಸುವುದು ಈ ಹುದ್ದೆಯ ಕರ್ತವ್ಯ. ಅಂಥದೇ ಕೆಲಸದಲ್ಲಿ ಬಹುಕಾಲ ದುಡಿದು, ನಿವೃತ್ತನಾಗಿ ಚನ್ನರಾಯಪಟ್ಟಣದಲ್ಲಿ ನೆಲೆಸಿರುವ ನನಗೆ ಸಂತೋಷವೇ ಆಯಿತು. ಆದರೆ ಅರಕಲಗೂಡಿನ ಮನೆಯಲ್ಲಿರುವ ನಮ್ಮ ತಾಯಿಯವರು ಮೊಮ್ಮಗನನ್ನು ಕರೆದು, "ಹಗಲೂ ರಾತ್ರಿಯೂ ಬೆಂಕಿ ಉರಿಸುವ ಕೆಲಸವಂತಲ್ಲಪ್ಪ, ಅದು ನಮಗೆ ತಕ್ಕದ್ದೇ? ನಿನ್ನ ದೊಡ್ಡಪ್ಪ ಸೇರಿದಾಗ ನನಗೆ ತಿಳಿಯದೆ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ" ಎಂದರಂತೆ. ಹುಡುಗ ನನ್ನ ಬಳಿಗೆ ಬಂದು, "ಅಜ್ಜಿಗೆ ಏನೆಂದು ಹೇಳಲಿ, ದೊಡ್ಡಪ್ಪ?" ಎಂದು ಕುಳಿತ. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ.

ಈ ಪ್ರಶ್ನೆಯನ್ನು ಹಿರಿಯರ ಶಂಕೆಯೆಂದು ತಳ್ಳಿಹಾಕುವಂತಿಲ್ಲ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಇವುಗಳನ್ನೇ ಶರೀರವಾಗಿ ಉಳ್ಳ ಏಕೇಂದ್ರಿಯ ಜೀವಗಳಿವೆಯೆಂದು ನಂಬಿದವರು ನಾವು. ಕಲ್ಲಿದ್ದಲಿನ ಸ್ಥಾವರದಲ್ಲಿ ಈ ಐದಕ್ಕೂ ಘಾತವುಂಟು. ನೆಲವನ್ನು ಅಗೆಯಬೇಕು, ನೀರನ್ನು ಕುದಿಸಬೇಕು, ಬೆಂಕಿಯನ್ನು ಆರದಂತೆ ಕಾಯಬೇಕು, ಗಾಳಿಯನ್ನು ನೂಕಬೇಕು. ಗಣಿಯ ಮೇಲಿನ ಕಾಡೂ ಹೋಗುತ್ತದೆ. ಹದಿಮೂರನೆಯ ಶತಮಾನದ ಆಶಾಧರರ 'ಸಾಗಾರಧರ್ಮಾಮೃತ'ದಲ್ಲಿ ಬರುವ ಖರಕರ್ಮಗಳ ಪಟ್ಟಿಯಲ್ಲಿ ಅಗ್ನಿಯಿಂದ ಜೀವಿಸುವ ವೃತ್ತಿಯೂ ಸೇರಿದೆ. ಆದರೆ ಲೋಕದಲ್ಲಿ ಸಾವದ್ಯಕರ್ಮಗಳು ಲೆಕ್ಕಕ್ಕೆ ಸಿಗದಷ್ಟಿವೆ ಎಂಬ ವಿವೇಕವನ್ನೂ ಅವರು ಅಲ್ಲಿಯೇ ಸೂಚಿಸುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಒಂದು ವೃತ್ತಿ ಶುದ್ಧವಾಗುವುದಿಲ್ಲ; ಪ್ರತಿಯೊಂದನ್ನೂ ವಿಚಾರಿಸಿಯೇ ನೋಡಬೇಕು.

ಹಾಗೆ ವಿಚಾರಿಸಹೊರಟಾಗ ಮೊದಲು ಎದುರಾಗುವುದು ನಮ್ಮದೇ ಮನೆಯ ಸ್ವಿಚ್ಚು. ಹಿಂಸೆ ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಲ್ಲಿ ನಮಗೆ ಅಂಟುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತು ಹುಟ್ಟಿದಂದಿನಿಂದ ನಮ್ಮ ನಾಡು ಬಹುಕಾಲ ಜಲವಿದ್ಯುತ್ತನ್ನೇ ನಂಬಿತ್ತು. 1985ರಲ್ಲಿ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 210 ಮೆಗಾವ್ಯಾಟಿನ ಮೊದಲ ಘಟಕ ಆರಂಭವಾಯಿತು. ಅನಂತರ ಬಳ್ಳಾರಿಯ ಕುಡಿತಿನಿಯಲ್ಲಿಯೂ ರಾಯಚೂರಿನ ಯರಮರಸ್‌ನಲ್ಲಿಯೂ ದೊಡ್ಡ ಸ್ಥಾವರಗಳು ಬಂದವು. ಜಲ, ಕಲ್ಲಿದ್ದಲು, ಗಾಳಿ, ಬಿಸಿಲು ಎಲ್ಲದರಿಂದ ಹುಟ್ಟಿದ ವಿದ್ಯುತ್ತೂ ಒಂದೇ ಜಾಲದಲ್ಲಿ ಬೆರೆತು ಹರಿಯುತ್ತದೆ. ಅರಕಲಗೂಡಿನ ಜಗಲಿಯ ದೀಪಕ್ಕೆ ಬಂದದ್ದು ಹೊಳೆಯ ವಿದ್ಯುತ್ತೋ ಬೆಂಕಿಯ ವಿದ್ಯುತ್ತೋ ಎಂದು ಬೇರ್ಪಡಿಸಲಾಗದು. ಆದುದರಿಂದ ಸ್ಥಾವರದಲ್ಲಿ ನಿಂತವನದು ಕೃತವಾದರೆ ದೀಪ ಹಾಕಿದವರದು ಕಾರಿತ. ಹುಡುಗ ಈ ಕೆಲಸವನ್ನು ಬಿಟ್ಟರೂ ಮನೆಯ ಪಾಲು ಕಳೆಯುವುದಿಲ್ಲ.

ಇಷ್ಟು ಹೇಳಿದರೆ ಎಲ್ಲರೂ ಸಮಾನ ದೋಷಿಗಳೆಂದಾಗುವುದೇ ಹೊರತು ಕೆಲಸ ತಕ್ಕದ್ದೆಂದು ಸಿದ್ಧವಾಗುವುದಿಲ್ಲ. ಅದಕ್ಕೆ ಆ ಕೆಲಸದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು.

ಒಂದು ಯೂನಿಟ್ ವಿದ್ಯುತ್ತು 860 ಕಿಲೋಕ್ಯಾಲೊರಿ ಶಾಖಕ್ಕೆ ಸಮಾನ. ಅದನ್ನು ಪಡೆಯಲು 210 ಮೆಗಾವ್ಯಾಟಿನ ಘಟಕವೊಂದು 2500 ಕಿಲೋಕ್ಯಾಲೊರಿ ಶಾಖವನ್ನು ವ್ಯಯಿಸುತ್ತದೆಂದು ಇಟ್ಟುಕೊಳ್ಳೋಣ. ಅಂದರೆ ಮೂರು ಪಾಲು ಉರಿಸಿದರೆ ಒಂದು ಪಾಲು ವಿದ್ಯುತ್ತಾಗುತ್ತದೆ. ಉಳಿದ ಎರಡು ಪಾಲಿನಲ್ಲಿ ಹೆಚ್ಚಿನದು ಕಂಡೆನ್ಸರಿನಲ್ಲಿ ಹಬೆ ಮತ್ತೆ ನೀರಾಗುವಾಗ ಹೋಗುತ್ತದೆ. ಅದರ ಬಹುಭಾಗ ಪ್ರಕೃತಿನಿಯಮಕ್ಕೆ ನಾವು ತೆರಲೇಬೇಕಾದ ಕಂದಾಯ. ಆದರೆ ಇನ್ನೊಂದು ಬಗೆಯ ನಷ್ಟವಿದೆ. ಕಂಡೆನ್ಸರಿನ ಕೊಳವೆಗಳಲ್ಲಿ ಪಾಚಿ ಕಟ್ಟುವುದು, ಅದರೊಳಗೆ ಹೊರಗಿನ ಗಾಳಿ ನುಸುಳುವುದು, ಬಾಯ್ಲರಿನ ಕೊಳವೆಗಳಿಗೆ ಮಸಿ ಹಿಡಿಯುವುದು, ಕವಾಟಗಳಲ್ಲಿ ಹಬೆ ಸೋರುವುದು ಇವೆಲ್ಲ ಆ ಜಾತಿಯವು. ಒಲೆಗೆ ಬಿಡುವ ಗಾಳಿಯನ್ನೇ ನೋಡಿ. ಅದು ಕಡಿಮೆಯಾದರೆ ಇದ್ದಲು ಪೂರ್ತಿ ಉರಿಯದೆ ಬೂದಿಯಲ್ಲಿ ಉಳಿಯುತ್ತದೆ. ಹೆಚ್ಚಾದರೆ ಆ ಗಾಳಿಯೇ ಶಾಖವನ್ನು ಹೊತ್ತು ಚಿಮಣಿಯಿಂದ ಹೊರಟುಹೋಗುತ್ತದೆ. ಇವು ಯಾರಿಗೂ ಬೆಳಕು ಕೊಡದ, ಯಾವ ಪಂಪನ್ನೂ ತಿರುಗಿಸದ ಉರಿ. ಪರ್ಫಾರ್ಮೆನ್ಸ್ ಎಂಜಿನಿಯರನ ಹೋರಾಟ ಇದರೊಡನೆ.

ಈ ನಷ್ಟ ಅಲ್ಪವೆಂದು ತೋರಬಹುದು. ಕಿಲೋವೊಂದಕ್ಕೆ 3500 ಕಿಲೋಕ್ಯಾಲೊರಿ ಕೊಡುವ ಕಲ್ಲಿದ್ದಲಾದರೆ, ಮೇಲಿನ ಘಟಕ ಪೂರ್ಣ ಹೊರೆಯಲ್ಲಿ ಗಂಟೆಗೆ 150 ಟನ್, ದಿನಕ್ಕೆ 3600 ಟನ್ ಉರಿಸುತ್ತದೆ. ನೂರಕ್ಕೆ ಒಂದರಷ್ಟು ವ್ಯರ್ಥವನ್ನು ತಡೆದರೆ ದಿನಕ್ಕೆ 36 ಟನ್ ಉಳಿಯಿತು; ವರ್ಷವಿಡೀ ಹಾಗೆ ನಡೆದರೆ 13,000 ಟನ್‌ಗೂ ಮಿಗಿಲು. ಅಷ್ಟು ನೆಲ ಅಗೆತ, ಅಷ್ಟು ಹೊಗೆ, ಅಷ್ಟು ಬೂದಿ ತಪ್ಪಿತು. ಕೊಟ್ಟ ವಿದ್ಯುತ್ತಿನಲ್ಲಿ ಒಂದು ಯೂನಿಟ್ಟೂ ಕಡಿಮೆಯಾಗಲಿಲ್ಲ.

ಇಲ್ಲಿ ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ' ನಮಗೆ ಬೆಳಕು ತೋರುತ್ತದೆ. ಗೃಹಸ್ಥನು ನೆಲವನ್ನು ಅಗೆಯಲೇಬಾರದು, ಬೆಂಕಿಯನ್ನು ಹೊತ್ತಿಸಲೇಬಾರದು ಎಂದು ಆಚಾರ್ಯರು ವಿಧಿಸಲಿಲ್ಲ. ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ, ನೆಲ, ನೀರು, ಬೆಂಕಿ, ಗಾಳಿಗಳಲ್ಲಿ ವಿಫಲವಾದ, ಎಂದರೆ ಪ್ರಯೋಜನವಿಲ್ಲದ, ಆರಂಭವನ್ನು ದೋಷವೆಂದರು. ಸಂಕಲ್ಪೀ ಹಿಂಸೆಯನ್ನು ಪೂರ್ತಿ ಬಿಡಬೇಕಾದ ಶ್ರಾವಕನಿಗೆ ಆರಂಭೀ, ಉದ್ಯೋಗೀ ಹಿಂಸೆಗಳು ಅನಿವಾರ್ಯವೆಂಬುದನ್ನು ಒಪ್ಪಿಯೂ, ಅನಿವಾರ್ಯಕ್ಕೂ ವ್ಯರ್ಥಕ್ಕೂ ನಡುವೆ ಗೆರೆ ಎಳೆದರು. ಆ ಗೆರೆಯನ್ನು ಉಷ್ಣಮಾಪಕ ಹಿಡಿದು ಹುಡುಕುವವನೇ ಈ ಎಂಜಿನಿಯರು. ಹೊಳೆನರಸೀಪುರದಲ್ಲಿ ನನ್ನ ತಾಯಿಯ ತವರಿನವರು ಹೇಮಾವತಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಮತ್ತೆ ಹೊಳೆಗೇ ಜಾಗರೂಕತೆಯಿಂದ ಬಿಡುತ್ತಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದೇನೆ. ನೀರು ಕುಡಿಯುವುದು ನಿಲ್ಲಲಿಲ್ಲ. ತಪ್ಪಿಸಬಹುದಾದ ಘಾತ ತಪ್ಪಿತು. ಈ ಯತ್ನಾಚಾರವೇ ಬಾಯ್ಲರಿನ ಮುಂದೆಯೂ ಸಲ್ಲಬೇಕಾದದ್ದು.

ಆದರೆ ಸೋಸುವ ಬಟ್ಟೆಯೇ ಹರಿದಿದ್ದರೆ? ಇಲ್ಲಿ ನನ್ನದೊಂದು ತಪ್ಪನ್ನು ನಿವೇದಿಸಬೇಕಾಗಿದೆ. ಹಲವು ವರ್ಷಗಳ ಹಿಂದೆ ಒಂದು ಘಟಕದ ದುರಸ್ತಿ ಮುಗಿದ ಮೇಲೆ ನಡೆದ ಪರೀಕ್ಷೆಯಲ್ಲಿ ನಿರೀಕ್ಷಿಸಿದ ದಕ್ಷತೆ ಬರಲಿಲ್ಲ. ಕೆಟ್ಟ ಅಂಕಿಗಳು ಬಂದ ಎರಡು ಗಂಟೆಗಳ ದಾಖಲೆಯನ್ನು ಉಪಕರಣದ ದೋಷವೆಂದು ಕೈಬಿಟ್ಟರೆ ಸರಾಸರಿ ಸರಿಹೋಗುತ್ತಿತ್ತು. ಹಾಗೆ ಮಾಡಬಹುದೆಂದು ಮೇಲಿನವರು ಸೂಚಿಸಿದರು. ನಾನು ಸಹಿ ಹಾಕಿದೆ. ವರದಿ ಚೆನ್ನಾಗಿತ್ತು. ಎಲ್ಲವೂ ಸರಿಯಿದೆಯೆಂದು ಕಾಗದ ಹೇಳಿದ ಮೇಲೆ ದೋಷವನ್ನು ಹುಡುಕುವವರು ಯಾರು? ಗಾಳಿಯನ್ನು ಬಿಸಿಮಾಡುವ ಯಂತ್ರದಲ್ಲಿದ್ದ ಸೋರಿಕೆ ಮುಂದಿನ ದುರಸ್ತಿಯವರೆಗೂ, ವರ್ಷಕ್ಕಿಂತ ಹೆಚ್ಚು ಕಾಲ, ಹಾಗೆಯೇ ಉಳಿಯಿತು. ಅಷ್ಟು ದಿನ ವ್ಯರ್ಥವಾದ ಕಲ್ಲಿದ್ದಲು ನನ್ನ ಸಹಿಯಿಂದ ಉರಿಯಿತು.

'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯದಲ್ಲಿ ಕೂಟಲೇಖಕ್ರಿಯೆಯನ್ನು ಸತ್ಯಾಣುವ್ರತದ ಅತಿಚಾರವೆಂದೂ, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಅಚೌರ್ಯಾಣುವ್ರತದ ಅತಿಚಾರವೆಂದೂ ಹೇಳಿದೆ. ಅಂಗಡಿಯ ತಕ್ಕಡಿಗೆ ಮಾತ್ರ ಇದು ಅನ್ವಯಿಸುವುದೆಂದು ನಾನು ತಿಳಿದಿದ್ದೆ. 2001ರ ಇಂಧನ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 2012ರಿಂದ ದೊಡ್ಡ ಸ್ಥಾವರಗಳಿಗೆ ದಕ್ಷತೆಯ ಗುರಿ ಗೊತ್ತುಪಡಿಸಿ, ಗುರಿ ಮೀರಿ ಉಳಿಸಿದವರು ಪ್ರಮಾಣಪತ್ರಗಳನ್ನು ಮಾರುವ, ತಪ್ಪಿದವರು ಕೊಳ್ಳುವ ವ್ಯವಸ್ಥೆ ಬಂದಿತು. ಅಂಕಿಗೆ ಬೆಲೆ ಬಂದೊಡನೆ ಅಂಕಿಯನ್ನು ತಿದ್ದುವ ಆಸೆಯೂ ಬರುತ್ತದೆ. ಸತ್ಯವಿಲ್ಲದ ಅಳತೆಯಿಂದ ಅಹಿಂಸೆ ಸಾಧ್ಯವಿಲ್ಲ ಎಂಬ ಪಾಠವನ್ನು ನಾನು ಗ್ರಂಥದಲ್ಲಿ ಓದಿದ್ದೆ. ಬೂದಿಯ ರಾಶಿಯ ಮುಂದೆ ಕಲಿತೆ.

ಇನ್ನೊಂದು ಮಾತು ಉಳಿದಿದೆ. ಎಂಜಿನಿಯರನು ಸತ್ಯವಂತನಾಗಿದ್ದರೂ ಅವನ ಕೆಲಸ ಅರ್ಧವೇ. 1865ರಲ್ಲಿ ಇಂಗ್ಲೆಂಡಿನ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞನು, ಯಂತ್ರಗಳು ದಕ್ಷವಾದಷ್ಟೂ ಕಲ್ಲಿದ್ದಲಿನ ಒಟ್ಟು ಬಳಕೆ ಹೆಚ್ಚಾಗುತ್ತದೆಂದು ತೋರಿಸಿಕೊಟ್ಟನು. ಅಗ್ಗವಾದ ವಸ್ತುವನ್ನು ಲೋಕ ಇನ್ನಷ್ಟು ಬಳಸುತ್ತದೆ. ದಕ್ಷತೆ ಪ್ರತಿ ಯೂನಿಟ್ಟಿನ ಹಿಂಸೆಯನ್ನು ಇಳಿಸಬಲ್ಲುದು. ಯೂನಿಟ್ಟುಗಳ ಸಂಖ್ಯೆಯನ್ನು ಇಳಿಸಲಾರದು. ಅದಕ್ಕೆ ನಮ್ಮಲ್ಲಿ ಬೇರೊಂದು ವ್ರತವೇ ಇದೆ: ಭೋಗೋಪಭೋಗ ಪರಿಮಾಣ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಅನೇಕ ಮನೆಗಳಿಗೆ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ವಿದ್ಯುತ್ತು ಉಚಿತವಾಗಿದೆ. ಬಿಲ್ಲು ಶೂನ್ಯವಾಯಿತೆಂದು ಹಿಂಸೆ ಶೂನ್ಯವಾಗಲಿಲ್ಲ. ಸರಕಾರದ ಮಿತಿ ಬೇರೆ, ಶ್ರಾವಕನ ಪರಿಮಾಣ ಬೇರೆ.

ಬಸದಿಗಳ ಆಡಳಿತ ನೋಡುವ ಟ್ರಸ್ಟುಗಳೂ ಇದನ್ನು ಆಲೋಚಿಸಬೇಕೆಂದು ವಿನಂತಿಸುತ್ತೇನೆ. ಅಂಗಳದಲ್ಲಿ ತಲಾ 400 ವ್ಯಾಟಿನ ನಾಲ್ಕು ದೀಪಗಳು ಹನ್ನೆರಡು ಗಂಟೆ ಉರಿದರೆ 19 ಯೂನಿಟ್ಟಿಗೂ ಮಿಗಿಲು. ಅದಷ್ಟನ್ನೂ ಕಲ್ಲಿದ್ದಲಿನಿಂದ ಪಡೆದರೆ ಮೇಲಿನ ಲೆಕ್ಕದಂತೆ ರಾತ್ರಿಯೊಂದಕ್ಕೆ ಸುಮಾರು 14 ಕಿಲೋ ಬೇಕು. ಆರತಿ ಮುಗಿದು ಬಾಗಿಲು ಹಾಕಿದ ಮೇಲೆ ಆ ಬೆಳಕು ಯಾರಿಗಾಗಿ? ಬೆಳಗ್ಗೆ ದೀಪದ ಕಂಬದ ಕೆಳಗೆ ಗುಡಿಸಿ ಎತ್ತುವ ಹುಳುಗಳು ಏಕೇಂದ್ರಿಯಗಳಲ್ಲ, ತ್ರಸಜೀವಗಳು. ಕಾವಲಿಗೆ ಬೇಕಾದಷ್ಟು ಬೆಳಕಿರಲಿ. ಮಿಕ್ಕದ್ದು ಜಿನಮಂದಿರದ ಅಂಗಳದಲ್ಲಿಯೇ ನಡೆಯುವ ಅನರ್ಥದಂಡ.

ಇವನ್ನೆಲ್ಲ ಹುಡುಗನಿಗೆ ಹೇಳಿ, ನನ್ನ ಸಹಿಯ ಕಥೆಯನ್ನೂ ಮುಚ್ಚಿಡದೆ ತಿಳಿಸಿದೆ. ಮರುದಿನ ಅವನು ಅರಕಲಗೂಡಿಗೆ ಹೋಗಿ ಅಜ್ಜಿಗೆ ವಿವರಿಸಿದನು. ಲೆಕ್ಕವೆಲ್ಲ ಅವರಿಗೆ ತಿಳಿಯಿತೆಂದು ಹೇಳಲಾರೆ. ಕೇಳಿ ಮುಗಿಸಿ, "ಹಾಗಾದರೆ ಉರಿಯನ್ನು ತಗ್ಗಿಸುವುದಕ್ಕೆ ಹೋಗುತ್ತೀಯೆ. ಹೋಗಿ ಬಾ. ಸುಳ್ಳು ಬರೆಯಬೇಕಾದ ದಿನ ಬಂದರೆ ಮನೆಗೆ ಬಂದುಬಿಡು, ಊಟಕ್ಕೆ ಕೊರತೆಯಿಲ್ಲ" ಎಂದರಂತೆ. ಅಂದು ಸಾಮಾಯಿಕ ಮುಗಿಸಿ ಏಳುವಾಗ ಜಗಲಿಯ ದೀಪವನ್ನು ತಾವೇ ಆರಿಸಿದರೆಂದೂ ಅವನು ಹೇಳಿದನು.